ಪರೀಕ್ಷೆಗೊಂದು ಮನೆ

"ಸಾತು, ನಿನ್ನ ಟ್ಯಾಬ್ಲೆಟ್ಟಲ್ಲಿ ಒಂಬತ್ತು ವರ್ಷದ ಅಜ್ಜಿ ಕೂತಿದ್ದಾಳೆ ನೋಡು," ಎಂದ ಎವಾಂದ್ರೊ.

"ಅಯ್ಯೋ, ಮತ್ತೆ ತಪ್ಪಾಯ್ತಾ ಮೇಷ್ಟ್ರೇ?" ಸಾತು ಕಣ್ಣು ಅಗಲ ಮಾಡಿದಳು. ಎಂಥ ನಟನೆ!

ಬಿಸಾವ್ ನಗರದ ಅಂಕಿಅಂಶ ಕಚೇರಿಯಲ್ಲಿ ಅವಳಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ಈ ಸಲದ ಜನಗಣತಿ ಕಾಗದ ಬಿಟ್ಟು ಟ್ಯಾಬ್ಲೆಟ್ಟಿನಲ್ಲಿ ಎಂದಾದಾಗ, ತಪ್ಪು ಉತ್ತರ ಹಿಡಿಯುವ ನಿಯಮಗಳನ್ನು ಅದರಲ್ಲಿ ಬರೆಯುವುದು ಹೇಗೆಂದು ಕಲಿಸಿಕೊಡಲು ಕೇಪ್ ವರ್ಡೆ ದೇಶದ ಅಂಕಿಅಂಶ ಕಚೇರಿ ಎವಾಂದ್ರೊನನ್ನು ಕಳಿಸಿತ್ತು. ಸಾತು ಒಬ್ಬಳೇ ಕೆಲಸ ನಡೆಸುವಂತಾದ ದಿನ ಅವನು ಹೊರಡಬೇಕು, ಅದೇ ಒಪ್ಪಂದ. ಅಜ್ಜಿಗೆ ಯಾಕೆ ವಯಸ್ಸಾಗುತ್ತಿರಲಿಲ್ಲ ಅಂತ ಈಗ ಗೊತ್ತಾಯಿತಲ್ಲ?

ಅವನು ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂರುವನು. ತಪ್ಪು ತೋರಿಸುವಾಗ ಅಂಗಿಯ ತೋಳು ಅವಳ ಕೈಗೆ ತಾಗುವುದು. ತಾಗಿದಾಗೆಲ್ಲ ಇಬ್ಬರೂ ಪರದೆಯನ್ನೇ ನೋಡುವರು, ಪಾಪ, ಬಹಳ ಕೆಲಸ! ಮಧ್ಯಾಹ್ನ ಮಾವಿನ ಮರದ ಕೆಳಗೆ ಒಂದೇ ಬೋಗುಣಿಯಲ್ಲಿ ಶೇಂಗಾ ಸಾರು, ಅನ್ನ. ಮೀನಿನ ಒಳ್ಳೆಯ ತುಂಡನ್ನು ಅವಳು ಅವನತ್ತ ತಳ್ಳಿದರೆ ಅವನು ಅವಳತ್ತ ತಳ್ಳುವನು.

"ನಿಮ್ಮೂರಲ್ಲಿ ಹೆಂಗಸರು ಹೀಗೆ ಬಡಿಸಲ್ವಾ?"

"ಬಡಿಸ್ತಾರೆ. ತಿನ್ನೋತನಕ ಹೀಗೆ ಗುರಾಯಿಸಲ್ಲ."

ಒಂದು ಬೆಳಿಗ್ಗೆ ನಿರ್ದೇಶಕಿ ದೋನಾ ಫಿಲೊಮೆನಾ ಬಂದು ಮೇಜಿನ ಮುಂದೆ ನಿಂತರು. "ಶುಕ್ರವಾರ ಕೊನೇ ಪರೀಕ್ಷೆ. ಅವತ್ತೂ ನಿನ್ನ ಅಜ್ಜಿ ಕಾಣಿಸ್ಕೊಂಡ್ರೆ ಗಣತಿ ಹೊರಗಿನ ಕಂಪನಿ ಪಾಲು. ನಮ್ಮ ಜನಾನ ಎಣಿಸೋ ಯೋಗ್ಯತೆ ನಮಗಿಲ್ಲ ಅಂತ ಊರೆಲ್ಲ ಡಂಗುರ ಹೊಡೀತಾರೆ. ಯೋಚ್ನೆ ಮಾಡು ಮಗಳೇ."

ಮಧ್ಯಾಹ್ನ ಬೋಗುಣಿಯಲ್ಲಿ ಅನ್ನ ಹಾಗೇ ಉಳಿಯಿತು.

"ಅಜ್ಜಿ ಆಟ ಸಾಕು, ಸಾತು."

"ಗೊತ್ತಿತ್ತಾ?"

"ಮೊದಲನೇ ವಾರದಿಂದ. ನಾನೇನು ಕುರುಡನಾ? ನಂಗೂ ಅಜ್ಜಿ ಬೇಕಾಗಿದ್ಲು."

ಸಾತು ಮೇಷ್ಟ್ರೇ ಎನ್ನುವುದನ್ನೇ ಮರೆತಳು. "ಹಾಗಾದ್ರೆ ಇಲ್ಲೇ ಇದ್ಬಿಡು."

"ಇದ್ರೆ ನಿನ್ನ ಕುರ್ಚಿಲೇ ಕೂರ್ಬೇಕು. ನಿನ್ನ ಕೆಲಸ ಕಿತ್ಕೊಂಡು ನಿನ್ನನ್ನೇ ಪ್ರೀತಿಸ್ಲಾ?"

"ನನ್ನನ್ನ ಕರ್ಕೊಂಡು ಹೋಗು."

"ಇಲ್ಲಿ ಕಲಿತಿರೋಳು ನೀನೊಬ್ಳೇ. ಕಲಿಸೋಕೆ ಬಂದೋನು ಕದ್ಕೊಂಡು ಹೋದ ಅಂತಾರೆ. ಸುಳ್ಳಾ, ಹೇಳು?"

"ಗಣತಿ ಮುಗಿದ್ಮೇಲೆ?"

"ಅಷ್ಟರಲ್ಲಿ ನನ್ನನ್ನ ಸಾವೊ ತೊಮೆಗೆ ಹಾಕಿರ್ತಾರೆ. ಆಮೇಲೆ ಇನ್ನೊಂದು ದೇಶ. ನಿನ್ನನ್ನಂತೂ ಈ ಕಚೇರಿ ಬಿಡಲ್ಲ. ಆಸೆ ಇಟ್ಕೋಬೇಡ ಸಾತು, ನನ್ನಾಣೆ."

ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಅವನು ಹೇಳಿದ್ದರಲ್ಲಿ ಒಂದು ಮಾತಾದರೂ ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ಎದ್ದು ಹೋಗಿ, ತಾನೇ ಬರೆಯದೆ ಬಿಟ್ಟಿದ್ದ ನಿಯಮಗಳನ್ನೆಲ್ಲ ಸಂಜೆಯೊಳಗೆ ಬರೆದು ಮುಗಿಸಿದಳು.

ಬೇಕೆಂದೇ ತಪ್ಪುತಪ್ಪಾದ ಸುಳ್ಳು ಮನೆಗಳನ್ನು ತುಂಬಿಸಿ, ಟ್ಯಾಬ್ಲೆಟ್ ಹಿಡಿಯುತ್ತದೋ ಇಲ್ಲವೋ ನೋಡುವುದೇ ಪರೀಕ್ಷೆ. ಶುಕ್ರವಾರ ದೋನಾ ಫಿಲೊಮೆನಾ ತಾವೇ ಒಂಬತ್ತು ವರ್ಷದ ಅಜ್ಜಿಯನ್ನು ಕೂರಿಸಿದರು. ತಟ್ಟನೆ ಕೆಂಪು ಅಕ್ಷರ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಯ ಮನೆಗೆ ಎವಾಂದ್ರೊನ ಸರದಿ. ಸಾತು ಅವನ ಹೆಗಲ ಹಿಂದೆ ನಿಂತು ನೋಡಿದಳು. ಮನೆಯ ಯಜಮಾನ: ಎವಾಂದ್ರೊ. ಹೆಂಡತಿ: ಸಾತು. ಮಗಳು: ಫಾತುಮಾತಾ. ಅದು ತೀರಿಹೋದ ಅವಳ ತಾಯಿಯ ಹೆಸರು; ಎಂದೋ ಊಟದ ನಡುವೆ ಹೇಳಿದ್ದಳು, ಅವನು ನೆನಪಿಟ್ಟಿದ್ದ.

ಯಜಮಾನ ಈ ಮನೆಯ ನಿವಾಸಿಯೇ, ಅತಿಥಿಯೇ? ಟ್ಯಾಬ್ಲೆಟ್ ಕೇಳಿತು. ಅವನ ಬೆರಳು ತಡೆಯಿತು. ಆಮೇಲೆ ಅತಿಥಿ ಎಂದು ಒತ್ತಿದ.

'ತಪ್ಪು. ಅತಿಥಿಯು ಮನೆಯ ಯಜಮಾನನಾಗಲಾರ.'

ಆ ನಿಯಮ ಬರೆದವಳು ಸಾತುವೇ.

"ಸರಿಯಾಗಿದೆ," ಎಂದ ಎವಾಂದ್ರೊ, ತಿರುಗಿ ನೋಡದೆ. "ಇನ್ನು ನನ್ನ ಅಗತ್ಯ ಇಲ್ಲ." ನಿರ್ದೇಶಕಿ ಸಾತುವನ್ನು ತಬ್ಬಿಕೊಂಡರು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು.

ಅವನ ವಿಮಾನ ಹೊರಟ ಮಧ್ಯಾಹ್ನ ಸಾತು ಕಚೇರಿಯಲ್ಲೇ ಇದ್ದಳು. ನಿಜವಾದ ಗಣತಿಗೆ ಮೊದಲು ಪರೀಕ್ಷೆಯ ಮನೆಗಳನ್ನೆಲ್ಲ ಅಳಿಸಬೇಕು, ಅದೂ ಅವಳದೇ ಕೆಲಸ. ಅಜ್ಜಿಯನ್ನು ಅಳಿಸಿದಳು. ಉಳಿದವರನ್ನೂ ಅಳಿಸಿದಳು. ಕೊನೆಗೆ ಅವರ ಮನೆ ಒಂದೇ ಉಳಿಯಿತು. ಮಗಳ ಹೆಸರನ್ನು ಒಮ್ಮೆ ಬಾಯಿಬಿಟ್ಟು ಕರೆದಳು.

'ಖಂಡಿತವಾಗಿ ಅಳಿಸಬೇಕೇ?' ಎಂದು ಕೇಳಿತು ಟ್ಯಾಬ್ಲೆಟ್.

ಹೌದು ಎಂದು ಒತ್ತಿದಳು.