ಅಕ್ಕ ಎನ್ನದ ಸಾಕ್ಷಿ

ಕಂಪನಿಯ ಹೆಸರಿದ್ದ ಅಂಗಿ ತೊಟ್ಟವನು ಆಫೀಸಿನ ಬಾಗಿಲಲ್ಲಿ ನಿಂತದ್ದೇ ತಡ, ಲಾಯರಕ್ಕ ಸಿಡಿದೆದ್ದಳು.

"ರಾಜಿಗೆ ಬಂದಿದ್ರೆ ಬಂದ ದಾರಿ ಹಿಡೀರಿ. ಹಳೇ ಕಿವಿ ಕೇಳಿಸೋ ಮಿಷನ್‌ಗೆ ಹೊಸ ಸ್ಟಿಕ್ಕರ್ ಅಂಟಿಸಿ ವಯಸ್ಸಾದವರಿಗೆ ಮಾರಿದ್ದೀರಿ. ಪ್ರಶ್ನೆ ಮಾಡಿದ ಕೆಲಸಗಾರರ ಸಂಬಳ ತಡೆದಿದ್ದೀರಿ. ನಾಚಿಕೆ ಆಗಲ್ವಾ ನಿಮಗೆ?"

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ಅಂದ, "ಬೈದು ಮುಗೀತಾ ಮೇಡಂ? ಸ್ಟಿಕ್ಕರ್ ಅಂಟಿಸಲ್ಲ ಅಂತ ಕೆಲಸ ಕಳ್ಕೊಂಡ ಮೆಕ್ಯಾನಿಕ್ ನಾನೇ. ಗ್ರಾಹಕರ ಇಲಾಖೆಗೆ ಮೊದಲು ದೂರು ಕೊಟ್ಟವನೂ ನಾನೇ. ನಿಮ್ಮ ಕಡೆ ಸಾಕ್ಷಿ ಹೇಳೋಕೆ ಬಂದೆ. ಒಗೆದಿರೋ ಶರ್ಟ್ ಇದೊಂದೇ ಇತ್ತು."

ಅವಳು ಎದುರಿನ ಕುರ್ಚಿಯ ಮೇಲಿದ್ದ ಫೈಲುಗಳನ್ನು ಎತ್ತಿಟ್ಟಳು. "ಕೂತ್ಕೊಳ್ಳಿ," ಎಂದಳು. ಎಷ್ಟು ತಡೆದರೂ ನಗು ಬಂದೇಬಿಟ್ಟಿತು.

ಮೋಸ ಹೋದ ಗ್ರಾಹಕರು, ಸಂಬಳ ಸಿಗದ ಕೆಲಸಗಾರರು, ಎಪ್ಪತ್ತು ದಾಟಿದ ಅಜ್ಜಂದಿರು ಕೂಡ ಅವಳನ್ನು ಲಾಯರಕ್ಕ ಎಂದೇ ಕರೆಯುತ್ತಿದ್ದರು. ಅವನೊಬ್ಬ ಮಾತ್ರ "ಮೇಡಂ" ಎನ್ನುತ್ತಿದ್ದ. ಮಿಷನ್ ಬಿಚ್ಚಿ ಒಳಗಿನ ಸವೆದ ತಂತಿ ತೋರಿಸುವಾಗ ಅವಳು ತಂತಿ ಬಿಟ್ಟು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವನು ಕಣ್ಣೆತ್ತಿದರೆ ಸಾಕು, ಅವಳ ನೋಟ ಫೈಲಿಗೆ ಇಳಿದುಬಿಡುತ್ತಿತ್ತು.

ಒಂದು ಸಂಜೆ ಅವನು ಕೇಳಿಯೇಬಿಟ್ಟ. "ಕೆಳಗೆ ಹೋಗಿ ಕಾಫಿ ಕುಡಿಯೋಣ್ವಾ?"

"ತೀರ್ಪು ಬರೋವರೆಗೂ ಬೇಡ. ನೀವು ನನ್ನ ಸಾಕ್ಷಿ. ಯಾರಾದ್ರೂ ನೋಡಿದ್ರೆ ಆ ಅಜ್ಜ ಅಜ್ಜಿಯರ ಕೇಸೇ ಹಾಳಾಗುತ್ತೆ."

"ಆಮೇಲೆ?"

"ಆಮೇಲಿಂದು ಆಮೇಲೆ." ದನಿ ಗಟ್ಟಿಯಾಗಿಯೇ ಇತ್ತು. ಕೆನ್ನೆ ಮಾತ್ರ ಕೆಂಪಾಗಿತ್ತು.

ಪಾಟೀಸವಾಲಿನ ದಿನ ಕಂಪನಿಯ ವಕೀಲ ಕನ್ನಡಕ ಏರಿಸಿಕೊಂಡು ಅವನೆದುರು ನಿಂತ.

"ಎಲ್ಲರೂ ಇವರನ್ನ ಲಾಯರಕ್ಕ ಅಂತಾರೆ. ನೀವ್ಯಾಕೆ ಅನ್ನಲ್ಲ?"

ಏನೋ ಒಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿದ್ದ.

"ಅಕ್ಕ ಅನ್ನೋಕೆ ಮನಸ್ಸು ಬರಲಿಲ್ಲ ಸಾರ್."

ಕೋರ್ಟ್ ಹಾಲ್ ಗೊಳ್ಳೆಂದಿತು. "ಅಂದ್ರೆ ಇದು ಪ್ರೀತಿಗೋಸ್ಕರ ಹೇಳ್ತಿರೋ ಸಾಕ್ಷಿ!" ಎಂದು ವಕೀಲ ಗೆದ್ದವನಂತೆ ಕುಳಿತ.

ಅವಳು ಕೋಟು ಸರಿಮಾಡಿಕೊಂಡು ಎದ್ದಳು.

"ನೀವು ದೂರು ಕೊಟ್ಟಾಗ ನಾನು ಯಾರು ಅಂತ ಗೊತ್ತಿತ್ತಾ?"

"ಇಲ್ಲ ಮೇಡಂ. ಇಲಾಖೆಯವರು ಆಮೇಲೆ ನಿಮ್ಮ ವಿಳಾಸ ಕೊಟ್ರು."

"ನಾನು ನಿಮಗೆ ಏನಾದ್ರೂ ಆಸೆ ತೋರಿಸಿದ್ದೀನಾ?"

"ಒಂದು ಕಾಫಿಗೂ ಬರಲಿಲ್ಲ ನೀವು."

ಈ ಸಲ ನ್ಯಾಯಾಧೀಶರೂ ನಕ್ಕರು. ನಕ್ಕರೂ, ಅವನ ಮಾತನ್ನು ನಂಬಿದರು. ತೀರ್ಪು ಹಿರಿಯರ ಪರವಾಗಿ ಬಂತು. ಅದೇ ಸಾಕ್ಷ್ಯದ ಬಲದ ಮೇಲೆ ಸಂಬಳದ ಕೇಸನ್ನೂ ಅವಳು ಗೆದ್ದಳು.

ಆ ಎರಡನೇ ತೀರ್ಪು ಬಂದ ದಿನ ಕೋರ್ಟಿನ ಮೆಟ್ಟಿಲ ಬಳಿ ನಿಂತಿದ್ದ ಅವನ ಹತ್ತಿರ ತಾನೇ ನಡೆದು ಹೋದಳು.

"ಅವತ್ತು ಅಷ್ಟು ಜನರೆದುರು ಹೇಳಿದ್ರಲ್ಲ, ಭಯ ಆಗಲಿಲ್ವಾ?"

"ಆಯ್ತು. ನೀವು ಎದ್ದು ನಿಂತಿದ್ದು ನೋಡಿ ಹೋಯ್ತು."

"ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನೀವಂದ್ರೆ ನಂಗೂ ಇಷ್ಟ. ತುಂಬಾನೇ. ಭಾನುವಾರ ಮನೆಗೆ ಬನ್ನಿ, ಅಮ್ಮ ಇರ್ತಾರೆ. ಅವರ ಪ್ರಶ್ನೆಗಳ ಮುಂದೆ ಈ ವಕೀಲರದೆಲ್ಲ ಏನೂ ಅಲ್ಲ."

"ನೀವು ನನ್ನ ಪಕ್ಕ ಇರ್ತೀರಾ?"

"ಇರ್ತೀನಿ. ಆದ್ರೆ ವಕೀಲೆಯಾಗಿ ಅಲ್ಲ."

ಸುತ್ತಲೂ ಕರಿಕೋಟಿನವರು ತುಂಬಿದ್ದರು. ಯಾರು ನೋಡುತ್ತಿದ್ದಾರೆಂದು ತಿರುಗಿಯೂ ನೋಡದೆ, ಅವನ ಕೈ ಹಿಡಿದು ಅವಳು ಮೆಟ್ಟಿಲಿಳಿದಳು.