ಅಳಿಸಿಹೋದ ಹಾಜರಿ

ಡಿಸ್ಕ್ ಖಾಲಿಯಾಗಿತ್ತು.

ಅಂಬಿಕಾ ಮತ್ತೊಮ್ಮೆ ನೋಡಿದಳು. ಪರದೆಯ ಮೇಲೆ ಒಂದೇ ಸಾಲು: ಗುರುತು ಸಿಗದ ವಿಭಾಗ.

೨೦೦೯ರ ಮಾರ್ಚ್ ಅದು. ಮ್ಹಾಪಸಾ ಪಟ್ಟಣದ ಪುಟ್ಟ ಕಂಪನಿಯೊಂದು ಡಿಸ್ಕನ್ನು ವಿಭಾಗ ಮಾಡುವ ಸಾಫ್ಟ್‌ವೇರ್ ತಯಾರಿಸುತ್ತಿತ್ತು. ಅದನ್ನು ಪರೀಕ್ಷಿಸುವವರು ಇಬ್ಬರೇ, ಅಂಬಿಕಾ ಮತ್ತು ಅನಿಲ. ಸೋಮವಾರ ಪೊಲೀಸ್ ಹವಾಲ್ದಾರ ಯಮನೂರಪ್ಪ ಈ ಡಿಸ್ಕನ್ನು ಓದಿ ಕೊಡಿರೆಂದು ತಂದುಕೊಟ್ಟಿದ್ದ. ಕಲಂಗುಟ್‌ನಲ್ಲಿ ಏಳುತ್ತಿದ್ದ ಹೋಟೆಲಿನ ನಾಲ್ಕನೇ ಮಹಡಿಯಿಂದ ಬಿದ್ದು ಗುರುಲಿಂಗ ಸತ್ತಿದ್ದ. ಅವನು ತನ್ನ ಆಳೇ ಅಲ್ಲ ಎಂದಿದ್ದ ಗುತ್ತಿಗೆದಾರ ಠಾಕಪ್ಪ. ಆಳುಗಳ ಹಾಜರಿ, ಫೋಟೊ ಸಮೇತ, ಇದ್ದದ್ದು ಅವನ ಕಂಪ್ಯೂಟರಿನಿಂದ ತೆಗೆದ ಈ ಡಿಸ್ಕಿನಲ್ಲಿ ಮಾತ್ರ.

ಅಂಬಿಕಾ ಅದನ್ನು ಬೀರುವಿನಲ್ಲಿಟ್ಟು, ಜ್ವರ ಬಂದು ಎರಡು ದಿನ ಮಲಗಿದ್ದಳು. ಅಂದೇ ನಕಲು ತೆಗೆದಿದ್ದರೆ!

"ಕೊಡೂ ಮೊದಲ ಠಾಕಪ್ಪನ ಅಳಿಸಿರಬೇಕು ತಂಗಿ," ಎಂದ ವರದಿ ಕೇಳಲು ಬಂದಿದ್ದ ಯಮನೂರಪ್ಪ.

"ಹಳೇ ಡಿಸ್ಕ್. ಕೆಟ್ಟೈತಿ ಅಂತ ಬರದು ಕೊಡು," ಎಂದ ಅನಿಲ.

ಕೆಟ್ಟ ಡಿಸ್ಕ್ ಹೀಗೆ ಸದ್ದಿಲ್ಲದೆ ತಿರುಗುವುದಿಲ್ಲ. ಅಂಬಿಕಾ ಅದರ ಮೊದಲ ಅಕ್ಷರಗಳನ್ನು ತೆರೆದಳು. ನಾಲ್ಕು ಅಕ್ಷರಗಳ ಆ ಗುರುತು ಅವಳಿಗೆ ಗೊತ್ತು. ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡಲು ಈಗ ಯಾರೂ ಬಳಸದ ಹಳೆಯ ವ್ಯವಸ್ಥೆ. ಹೊಸ ಕಂಪ್ಯೂಟರುಗಳು ಅದನ್ನು ಹಾಕುವ, ಓದುವ ಟೂಲ್ ಕೈಬಿಟ್ಟು ವರ್ಷಗಳಾಗಿದ್ದವು. ಪರೀಕ್ಷೆಗೆಂದು ಆಫೀಸಿನಲ್ಲಿ ಆ ಟೂಲ್‌ನ ಒಂದೇ ಒಂದು ಸಿ.ಡಿ. ಇತ್ತು.

ಡ್ರಾಯರ್ ಎಳೆದಳು. ಸಿ.ಡಿ. ಎರಡು ಹೋಳಾಗಿತ್ತು.

*

ಅಂತರ್ಜಾಲದಲ್ಲಿ ಹುಡುಕಿದಳು. ಎಲ್ಲ ಕೊಂಡಿಗಳೂ ಸತ್ತಿದ್ದವು. ಟೂಲ್ ಬರೆದವನಿಗೆ ಕಳಿಸಿದ ಮಿಂಚಂಚೆ ತಲುಪದೆ ಮರಳಿ ಬಂತು.

ಶುಕ್ರವಾರ ಮ್ಹಾಪಸಾ ಸಂತೆ. ಹಳೇ ಸಾಮಾನು ಮಾರುವ ಇಮಾಮಹುಸೇನನ ಮುಂದೆ ಕೂತು, ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳ ರಾಶಿ ಕೆದಕಿದಳು.

"ಏನ್ ಬೇಕಬೇ ನಿನಗ?"

"ಯಾರಿಗೂ ಬ್ಯಾಡಾಗಿದ್ದು, ಕಾಕಾ."

೨೦೦೧ರ ಒಂದು ಸಿ.ಡಿ.ಯಲ್ಲಿ ಆ ಟೂಲ್ ಇತ್ತು.

*

"ಠಾಕಪ್ಪ ಮುಟ್ಟಿಲ್ಲರಿ," ಅಂಬಿಕಾ ಯಮನೂರಪ್ಪನಿಗೆ ಪರದೆ ತೋರಿಸಿದಳು. "ಈ ಟೂಲ್ ತನ್ನ ಗುರುತು ಹಾಕೂಮುಂದ ಡಿಸ್ಕಿನ ಮ್ಯಾಲ ತಾರೀಖು ಬರಿತೈತಿ. ಮಂಗಳವಾರ ಮಧ್ಯಾಹ್ನ ಮೂರು ಹತ್ತು. ಡಿಸ್ಕ್ ಸೋಮವಾರನ ಇಲ್ಲಿಗೆ ಬಂದಿತ್ತು. ಹೆಸರು ನೋಡ್ರಿ, ಪರೀಕ್ಷೆ-ಏಳು. ನಮ್ಮ ಏಳನೇ ಕಂಪ್ಯೂಟರ್ ತಾನ ಹಾಕೂ ಹೆಸರು. ಅದು ಅನಿಲಂದು."

ಅನಿಲ ಕುರ್ಚಿಯಿಂದ ಎದ್ದು ಬಂದ.

"ನಮ್ಮಕ್ಕ ರೂಪಾನ್ನ ಠಾಕಪ್ಪನ ಮನಿಗೆ ಕೊಟ್ಟೇವಿ. ಅಳಿಸಲಿಲ್ಲಂದ್ರ ಆಕೀನ ಮನಿಯಿಂದ ಹೊರಗ ಹಾಕ್ತೇನಂದ. ಮೊದಲ ಪೂರಾ ಸೊನ್ನಿ ತುಂಬಿದೆ. ಬರೇ ಸೊನ್ನಿ ಇದ್ರ ಯಾರೋ ಅಳಿಸ್ಯಾರಂತ ತಿಳೀತಿತ್ತು. ಅದರ ಮ್ಯಾಲ ಯಾರೂ ಓದಲಾರದ ಈ ಹಳೇ ವ್ಯವಸ್ಥೆ ಹಾಕಿದ್ರ ಕೆಟ್ಟೈತಿ ಅಂತಾರ ಅನಕೊಂಡೆ. ಸಿ.ಡಿ. ಸೈತ ನಾನ ಮುರದೆ."

"ಏನರ ತಿರುಗಿ ಬರ್ತೈತೇನು?" ಯಮನೂರಪ್ಪ ಕೇಳಿದ.

ಅಂಬಿಕಾ ಇಲ್ಲವೆಂದು ತಲೆಯಾಡಿಸಿದಳು. ಸೊನ್ನೆಯ ಕೆಳಗೆ ಏನೂ ಉಳಿಯುವುದಿಲ್ಲ.

"ಅಳಿಸಿದ್ದಕ್ಕ ಇವನ ಮ್ಯಾಲೂ ಠಾಕಪ್ಪನ ಮ್ಯಾಲೂ ಕೇಸ್ ಹಾಕ್ತೇನಿ," ಎಂದ ಯಮನೂರಪ್ಪ. " ಆದ್ರ ಗುರುಲಿಂಗ ಅಲ್ಲಿ ದುಡೀತಿದ್ದ ಅನ್ನೂದಕ್ಕ ಇನ್ನ ಪುರಾವೆ ಎಲ್ಲಿಂದ ತರ್ಲಿ?"

ಹೊರಗೆ ಬೆಂಚಿನ ಮೇಲೆ ಗುರುಲಿಂಗನ ಹೆಂಡತಿ ಸತ್ಯವ್ವ ಕೂತಿದ್ದಳು. ಅನಿಲನನ್ನು ಕರೆದೊಯ್ದದ್ದನ್ನು ನೋಡಿದಳು; ಅವನು ಯಾರೆಂದು ಕೇಳಲಿಲ್ಲ. ಹೊರಗೆ ಬಂದ ಅಂಬಿಕಾಳ ಕಡೆ ತಿರುಗಿದಳು.

"ಯವ್ವಾ, ದಿನಾ ಮುಂಜಾನೆ ನಮ್ಮವರ ಫೋಟೊ ತಗೀತಿದ್ರಂತಲ್ಲ, ಒಂದರ ಸಿಕ್ಕೀತೇನು? ಮನ್ಯಾಗ ಅವರದು ಒಂದೂ ಇಲ್ಲ."

ಅಂಬಿಕಾ ಅವಳ ಪಕ್ಕದಲ್ಲಿ ಕೂತಳು.