ರೋಬೋಟಿನ ಎಡಗೈ

“ನಾನು ಮುರಿದಿಲ್ಲ. ಅದೇ ಮುರೀತು.”

ಸಾಸಿವೆಯ ಒಂದು ಕೈಯಲ್ಲಿ ರೋಬೋಟ್ ಇತ್ತು, ಇನ್ನೊಂದು ಕೈಯಲ್ಲಿ ರೋಬೋಟಿನ ಎಡಗೈ.

“ಅದಾಗೇ ಹೇಗೆ ಮುರಿಯುತ್ತೆ? ಜೀವನ ಬೇಜಾರಾಗಿತ್ತಾ ಅದಕ್ಕೆ?” ಎಂದ ಮಾವ.

ಮಾವ ಅಂದರೆ ಅಮ್ಮನ ತಮ್ಮ. ಆಟಿಕೆ ಕಂಪನಿಯಲ್ಲಿ ಹೊಸ ಆಟಿಕೆಗಳ ಡಿಸೈನ್ ಮಾಡುವುದು ಅವನ ಕೆಲಸ. ಮಾತೆತ್ತಿದರೆ ಚಟಪಟ ಸಿಡಿಯುತ್ತಾಳೆಂದು ಅಕ್ಕನ ಮಗಳಿಗೆ ಸಾಸಿವೆ ಎಂದು ಹೆಸರಿಟ್ಟವನೂ ಅವನೇ. ಮಡಚಿದರೆ ಲಾರಿಯಾಗುವ ಈ ರೋಬೋಟ್ ಇನ್ನೂ ಅಂಗಡಿಗೆ ಬಂದಿರಲಿಲ್ಲ. ಮಕ್ಕಳ ಕೈಗೆ ಕೊಟ್ಟರೆ ಹೇಗಿರುತ್ತದೆ ನೋಡೋಣವೆಂದು ಅವಳ ಹತ್ತಿರ ತಂದಿದ್ದ.

ಬಾಸ್‌ಗೆ ವಾಯ್ಸ್ ಮೆಸೇಜ್ ಕಳಿಸಲು ಅವನು ಫೋನನ್ನು ಬಾಯಿಯ ಹತ್ತಿರ ಹಿಡಿದ. “ಸರ್, ಹುಡುಗಿ ಸ್ವಲ್ಪ ಒರಟು. ಜೋರಾಗಿ ತಿರುಚಿದ್ಲು, ಕೈ ಕಿತ್ತು ಬಂತು. ಡಿಸೈನಲ್ಲಿ ಏನೂ ತೊಂದರೆ ಇಲ್ಲ.”

ಸಾಸಿವೆಯ ಕಿವಿ ಬಿಸಿಯಾಯಿತು. ಒರಟಂತೆ. ಮೊನೆ ಮುರಿಯದ ಹಾಗೆ ಪೆನ್ಸಿಲ್ ಕೆತ್ತಲು ಇಡೀ ಕ್ಲಾಸು ಅವಳ ಹತ್ತಿರ ಬರುತ್ತಿತ್ತು.

“ಅದನ್ನ ಕಳಿಸ್ಬೇಡ ಮಾವ. ಸುಳ್ಳು ಅದು.”

ಒಣಗಿದ ಬಟ್ಟೆಗಳ ರಾಶಿ ಎತ್ತಿಕೊಂಡು ಹೋಗುತ್ತಿದ್ದ ಅಮ್ಮ ನಿಂತಳು. “ಹೋಗ್ಲಿ ಬಿಡೇ. ಸಾರಿ ಅಂದ್ಬಿಡು.”

“ಮಾಡದೆ ಇರೋದಕ್ಕೆ ಯಾಕಮ್ಮ ಸಾರಿ?”

“ಅಂದ್ರೆ ನಿನ್ನ ಬಾಯೇನು ಸವೆಯುತ್ತಾ?”

ಈಗ ಮಾವನಿಗಿಂತ ಅಮ್ಮನ ಮೇಲೆ ಹೆಚ್ಚು ಸಿಟ್ಟು ಬಂತು. ಸಾಸಿವೆ ಮಾವನ ಬ್ಯಾಗಿನ ಕಡೆ ತಿರುಗಿದಳು. ಅಳಬಾರದು. ಅತ್ತರೆ ತಪ್ಪು ಒಪ್ಪಿಕೊಂಡ ಹಾಗೆ.

“ಬ್ಯಾಗಲ್ಲಿ ಇನ್ನೊಂದಿದೆಯಲ್ಲ, ತೆಗಿ. ನೀನೇ ಮಾಡಿ ತೋರ್ಸು.”

ಮಾವ ಫೋನನ್ನು ಪಕ್ಕಕ್ಕಿಟ್ಟು ಇನ್ನೊಂದು ರೋಬೋಟ್ ತೆಗೆದ. ತಲೆ ಒಳಗೆ, ಕಾಲು ಹಿಂದಕ್ಕೆ, ಕೈ ಪಕ್ಕಕ್ಕೆ. ಟಕ್, ಟಕ್, ಟಕ್. ಲಾರಿ ಸಿದ್ಧವಾಯಿತು.

“ನೋಡಿದ್ಯಾ? ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.”

“ಇನ್ನೊಂದ್ಸಲ. ನಿಧಾನಕ್ಕೆ.”

ಸಾಸಿವೆ ಬೋರಲು ಮಲಗಿ ಗಲ್ಲವನ್ನು ನೆಲಕ್ಕೆ ತಾಗಿಸಿದಳು. ತಲೆ ಒಳಗೆ ಹೋಯಿತು. ಕಾಲು ಹಿಂದಕ್ಕೆ ಹೋಯಿತು. ಎಡಗೈ ತಿರುಗುವಾಗ ಅವಳಿಗೆ ಕಾಣಿಸಿತು. ರೋಬೋಟಿನ ಎದೆಯ ಮೇಲೆ ಒಂದು ಪುಟ್ಟ ಬಾಗಿಲಿತ್ತು. ಮಾವನ ಹೆಬ್ಬೆರಳು ಅದನ್ನು ಕೂದಲೆಳೆಯಷ್ಟು ಎತ್ತಿತು. ಆ ಸಂದಿಯಲ್ಲಿ ಕೈ ಒಳಗೆ ಜಾರಿತು.

“ನಿಲ್ಲು. ಬಾಗಿಲು ಯಾಕೆ ಎತ್ತಿದೆ?”

“ನಾನೆಲ್ಲಿ ಎತ್ತಿದೆ?”

“ಹೆಬ್ಬೆರಳು ದೂರ ಇಟ್ಕೊಂಡು ಮಾಡು ನೋಡೋಣ.”

ಮಾವ ನಗುತ್ತಲೇ ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿಕೊಂಡು ತಿರುಗಿಸಿದ. ಎಡಗೈ ಬಾಗಿಲಿಗೆ ಬಡಿದು ನಿಂತಿತು. ಒತ್ತಿದ. ಜರುಗಲಿಲ್ಲ. ಹಲ್ಲು ಕಚ್ಚಿ ಒತ್ತಿದ.

“ಮೆಲ್ಲಗೆ ಮಾವ,” ಎಂದಳು ಸಾಸಿವೆ. “ಒರಟು ಅಂತಾರೆ.”

ಪಟ್. ಎಡಗೈ ಅವನ ಅಂಗೈಯಲ್ಲಿತ್ತು.

ಮಾವ ತನ್ನ ಹೆಬ್ಬೆರಳನ್ನು ಯಾರದೋ ಬೆರಳೆಂಬಂತೆ ನೋಡಿಕೊಂಡ.

“ಮಾಡಿ ಮಾಡಿ ಅಭ್ಯಾಸ ಆಗ್ಬಿಟ್ಟಿದೆ ಕಣೇ. ನಂಗೇ ಗೊತ್ತಿರ್ಲಿಲ್ಲ.”

“ಹಾಗಾದ್ರೆ ಡಬ್ಬಕ್ಕೊಂದು ನಿನ್ನ ಹೆಬ್ಬೆರಳೂ ಹಾಕಿ ಮಾರ್ತೀರಾ?”

ಅಮ್ಮ ಬಟ್ಟೆ ರಾಶಿಯ ಹಿಂದೆ ನಕ್ಕಳು. ಮಾವ ಹಳೆಯ ಮಾತು ಅಳಿಸಿ ಮತ್ತೆ ಫೋನ್ ಹಿಡಿದ. “ಸರ್, ಎಡಗೈ ಎದೆ ಬಾಗಿಲಿಗೆ ತಾಗ್ತಿದೆ. ಡಿಸೈನ್ ಬದಲಾಯಿಸ್ಬೇಕು. ನಾನು ಚೆಕ್ ಮಾಡ್ದಾಗ ಗೊತ್ತಾಯ್ತು.”

“ಯಾರು ಚೆಕ್ ಮಾಡಿದ್ದು?”

ಮಾವ ತಲೆ ಕೆರೆದುಕೊಂಡು ಅದನ್ನೂ ಅಳಿಸಿದ. “ನಮ್ಮಕ್ಕನ ಮಗಳು ತೋರಿಸಿದ್ಲು ಸರ್. ನಾನು ಅವಳನ್ನೇ ಬೈದಿದ್ದೆ. ತಪ್ಪು ನಂದು.”

ಮಾವ ಹೋದ ಮೇಲೆ ಅಮ್ಮ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಮಡಚಲು ಹೊರಟಳು. ಒಂದು ಕಾಲು ಸಿಕ್ಕಿಕೊಂಡಿತು. ಎಳೆದಾಗ ಫಟ್ಟನೆ ಮಡಚಿ ಅವಳ ಬೆರಳನ್ನು ಕಚ್ಚಿತು.

“ನನ್ನ ಕೈಯೇ ಸರಿಯಿಲ್ಲ,” ಎಂದು ಗೊಣಗಿ ಅಮ್ಮ ಬೆರಳನ್ನು ಬಾಯಲ್ಲಿಟ್ಟುಕೊಂಡಳು.

ಈ ಮಾತು ಸಾಸಿವೆಗೆ ಹೊಸದಲ್ಲ. ಮಿಕ್ಸಿಯ ಮುಚ್ಚಳ ಕೂರದಿದ್ದಾಗ, ಸ್ಕೂಟರ್ ಸ್ಟಾರ್ಟ್ ಆಗದಿದ್ದಾಗ, ಅಮ್ಮ ಪ್ರತಿ ಸಲವೂ ಇದನ್ನೇ ಹೇಳುತ್ತಿದ್ದಳು. ಅಪ್ಪ ನಗುತ್ತಿದ್ದ. ಅಪ್ಪನ ಜೊತೆ ತಾನೂ ನಕ್ಕಿದ್ದಳು.

ಈಗ ನಗು ಬರಲಿಲ್ಲ. ಅಮ್ಮನ ಕೈ ಹಿಡಿದು ಕೆಂಪಾಗಿದ್ದ ಬೆರಳನ್ನು ನೋಡಿದಳು. ಒಂದು ಕೂದಲೂ ನೋಯದ ಹಾಗೆ ದಿನಾ ತನ್ನ ತಲೆ ಬಾಚುವ ಕೈ ಅದು.

ಸಾಸಿವೆ ಕುಕ್ಕರಗಾಲಲ್ಲಿ ಕುಳಿತು, ಸ್ಟ್ಯಾಂಡಿನ ಕಾಲುಗಳು ಕೂಡುವ ಜಾಗವನ್ನು ಇಣುಕಿ ನೋಡಿದಳು. ಅಲ್ಲೊಂದು ಕಂಬಿ ಇನ್ನೊಂದಕ್ಕೆ ಅಡ್ಡ ಬಂದಿತ್ತು. ಅವಳ ಕಿವಿ ಮತ್ತೆ ಬಿಸಿಯಾಗತೊಡಗಿತು.

“ಅಮ್ಮಾ,” ಎಂದಳು, “ಯಾರು ಇದನ್ನ ಹೀಗೆ ಮಾಡಿದ್ದು?”